ಇದ್ದಷ್ಟು ಮಂದಿಗೆ ಸಂಗೀತ: ವಾಲೆಂಟಿನ್ ರಾಟ್‌ಗೇಬರ್ ಅವರ ಬದುಕು



ಇಪ್ಪತ್ತೆಂಟು ವರ್ಷ ನಾನು ಹೈಸ್ಕೂಲಿನಲ್ಲಿ ಸಂಗೀತದ ಮೇಷ್ಟರಾಗಿದ್ದೆ. ನನ್ನ ಪಾಲಿಗೆ ಇದ್ದದ್ದು ಒಂದು ಹಾರ್ಮೋನಿಯಂ, ಒಂದು ಜೊತೆ ತಬಲಾ, ಮತ್ತೆ ಆ ವರ್ಷ ಸೇರಿದ ಮಕ್ಕಳು. ಆಗಸ್ಟ್ ಹದಿನೈದಕ್ಕೆಂದು ಎಂಟು ಮಕ್ಕಳಿಗೆ ಹಾಡು ಕಲಿಸಿರುತ್ತಿದ್ದೆ. ಬೆಳಗ್ಗೆ ಹೋಗಿ ನೋಡಿದರೆ ಐದೇ ಮಕ್ಕಳು. ಒಬ್ಬನಿಗೆ ಜ್ವರ, ಒಬ್ಬಳು ಅಜ್ಜಿ ಊರಿಗೆ ಹೋಗಿದ್ದಾಳೆ, ಇನ್ನೊಬ್ಬನಿಗೆ ಆ ವಾರವೇ ದನಿ ಒಡೆದಿದೆ. ಬಾವುಟ ಏರಿಸುವ ಹೊತ್ತು ಯಾರಿಗೂ ಕಾಯುವುದಿಲ್ಲ. ಇದ್ದವರನ್ನೇ ಅತ್ತಿತ್ತ ನಿಲ್ಲಿಸಿ, ಶ್ರುತಿ ಅರ್ಧ ಮನೆ ಇಳಿಸಿ, ಹಾಡಿಸಬೇಕು. ಆ ದಿನಗಳಲ್ಲಿ ನನಗೊಂದು ಆಸೆ ಇತ್ತು: ಬಾರದೆ ಉಳಿಯುವವರನ್ನೂ ಮೊದಲೇ ಲೆಕ್ಕಕ್ಕೆ ಹಿಡಿದು ಸ್ವರ ಹಾಕಿದವರು ಯಾರಾದರೂ ಇದ್ದಾರೆಯೇ ಎಂದು.

ಇದ್ದರು. ಅವರ ಹೆಸರು ನನಗೆ ಮೊದಲು ಕಂಡದ್ದು ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ, ಹಳೆ ಪುಸ್ತಕಗಳ ರಾಶಿಯಲ್ಲಿ ಸಿಕ್ಕಿದ ಒಂದು ತೆಳು ಸ್ವರಪುಸ್ತಕದಲ್ಲಿ. ಕೀಬೋರ್ಡ್ ಕಲಿಯುವ ಮಕ್ಕಳಿಗೆಂದು ಆಯ್ದ ಸಣ್ಣಸಣ್ಣ ರಚನೆಗಳು. ಅದರಲ್ಲೊಂದರ ಮೇಲೆ ರಾಟ್‌ಗೇಬರ್ ಎಂಬ ಹೆಸರು. ಜರ್ಮನ್ ಭಾಷೆಯಲ್ಲಿ ಆ ಮನೆತನದ ಹೆಸರಿಗೆ ಸಲಹೆ ಕೊಡುವವನು ಎಂದು ಅರ್ಥ. ಮನೆಗೆ ತಂದು ಹಾರ್ಮೋನಿಯಂ ಮೇಲೆ ನುಡಿಸಿದೆ. ಒಂದು ಬೆರಳು ಕೆಳಗಿನ ಸ್ವರವನ್ನು ಒತ್ತಿ ಹಿಡಿದಿರಬೇಕು, ಮೇಲೆ ಒಂದು ಧಾಟಿ ತೊಟ್ಟಿಲಿನ ಹಾಗೆ ತೂಗುತ್ತದೆ. ಎರಡು ನಿಮಿಷ, ಅಷ್ಟೇ. ಅಂದಿನಿಂದ ಇಂದಿನವರೆಗೆ ಈ ಮನುಷ್ಯನನ್ನು ನಾನು ಬಿಟ್ಟಿಲ್ಲ. ಈ ಸಂಜೆಯ ದತ್ತಿ ಉಪನ್ಯಾಸದಲ್ಲಿ ನಿಮ್ಮ ಮುಂದೆ ಅವರ ಬದುಕನ್ನು ಇಡಬೇಕೆಂದಿದ್ದೇನೆ.

ಯೊಹಾನ್ ವಾಲೆಂಟಿನ್ ರಾಟ್‌ಗೇಬರ್ ಹುಟ್ಟಿದ್ದು 1682ರ ಏಪ್ರಿಲ್ 3ರಂದು, ಜರ್ಮನಿಯ ನಡುಭಾಗದ ರೋನ್ ಗುಡ್ಡಗಳ ಸೀಮೆಯ ಓಬರೆಲ್ಸ್‌ಬಾಖ್ ಎಂಬ ಊರಿನಲ್ಲಿ. ಇವತ್ತಿನ ಲೆಕ್ಕದಲ್ಲಿ ಅದು ಬವೇರಿಯ ರಾಜ್ಯದ ಉತ್ತರದ ಅಂಚು, ಆಗ ವ್ಯೂರ್ಟ್ಸ್‌ಬುರ್ಗ್‌ನ ಬಿಷಪ್ಪರೇ ಅರಸರಾಗಿ ಆಳುತ್ತಿದ್ದ ನಾಡು. ಮೂವತ್ತು ವರ್ಷಗಳ ಯುದ್ಧ ಮುಗಿದದ್ದು 1648ರಲ್ಲಿ. ಅದರ ಹೊಡೆತವನ್ನು ಕಣ್ಣಾರೆ ಕಂಡ ಮುದುಕರು ಇವರ ಬಾಲ್ಯದಲ್ಲಿ ಇನ್ನೂ ಬದುಕಿದ್ದರು. ತಂದೆ ಊರಿನ ಶಾಲೆಯ ಮೇಷ್ಟರು, ಇಗರ್ಜಿಯಲ್ಲಿ ಆರ್ಗನ್ ನುಡಿಸುವವರು. ಆ ಸೀಮೆಯಲ್ಲಿ ಈ ಎರಡೂ ಕೆಲಸ ಒಬ್ಬರದೇ ಆಗಿರುವುದು ವಾಡಿಕೆಯಾಗಿತ್ತು. ವಾರದ ದಿನ ಮಕ್ಕಳಿಗೆ ಅಕ್ಷರ, ಲೆಕ್ಕ. ಭಾನುವಾರ ಅದೇ ಮಕ್ಕಳನ್ನು ಮೇಲಿನ ಅಟ್ಟಕ್ಕೆ ಹತ್ತಿಸಿ ಬಲಿಪೂಜೆಗೆ ಹಾಡಿಸುವುದು. ಮದುವೆಗೆ, ಸಾವಿಗೆ, ಹಬ್ಬಕ್ಕೆ ಸಂಗೀತ ಬೇಕೆಂದರೆ ಊರಿನವರು ಮೇಷ್ಟರ ಬಾಗಿಲಿಗೇ ಬರಬೇಕು. ವಾಲೆಂಟಿನ್‌ಗೆ ಮೊದಲ ಪಾಠ ತಂದೆಯಿಂದಲೇ ಆಯಿತು. ಇವರ ಬದುಕಿನಲ್ಲಿ ಮುಂದೆ ಬಂದದ್ದಕ್ಕೆಲ್ಲ ಬೀಜ ಆ ಅಟ್ಟದಲ್ಲೇ ಬಿತ್ತು ಎಂದು ನಾನು ನಂಬುತ್ತೇನೆ. ಕೆಳಗೆ ಪೂಜೆ ಶುರುವಾಗಿದೆ, ಮೇಲೆ ಇಬ್ಬರು ಹುಡುಗರು ಬಂದಿಲ್ಲ. ಆ ಕ್ಷಣದಲ್ಲಿ ಮೇಷ್ಟರ ಮುಖ ಹೇಗಿರುತ್ತದೆ ಎಂದು ತಿಳಿಯಲು ಮೇಷ್ಟರ ಮಗನೇ ಆಗಿರಬೇಕು.

1701ರಲ್ಲಿ ಓದಲು ವ್ಯೂರ್ಟ್ಸ್‌ಬುರ್ಗ್‌ಗೆ ಹೋದರು. ಅಲಂಕಾರಶಾಸ್ತ್ರ, ಗಣಿತ, ಕಾನೂನು ಎಂದು ಸುತ್ತಾಡಿ ಕೊನೆಗೆ ದೇವತಾಶಾಸ್ತ್ರಕ್ಕೆ ಬಂದರು. 1704ರಲ್ಲಿ ಅಲ್ಲಿಯ ಯೂಲಿಯಸ್ ಆಸ್ಪತ್ರೆಯಲ್ಲಿ ಮೇಷ್ಟರ ಕೆಲಸ ಸಿಕ್ಕಿತು. ಈ ಆಸ್ಪತ್ರೆಯ ಬಗ್ಗೆ ದತ್ತಿ ಉಪನ್ಯಾಸವೊಂದರಲ್ಲಿ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಅದನ್ನು 1576ರಲ್ಲಿ ಸ್ಥಾಪಿಸಿದವರು ಬಿಷಪ್ ಯೂಲಿಯಸ್ ಎಖ್ಟರ್. ಬಡವರು, ರೋಗಿಗಳು, ಅನಾಥರನ್ನು ನೋಡಿಕೊಳ್ಳಲೆಂದು ಜಮೀನು, ದ್ರಾಕ್ಷಿ ತೋಟಗಳನ್ನು ಅದಕ್ಕೆ ದತ್ತಿಯಾಗಿ ಬಿಟ್ಟರು. ಆ ದತ್ತಿ ಇಂದಿಗೂ ಜೀವಂತ. ದ್ರಾಕ್ಷಿಯ ಆದಾಯ ಈಗಲೂ ಆ ದತ್ತಿಗೇ ಹೋಗುತ್ತದೆ. ನಾಲ್ಕೂವರೆ ಶತಮಾನ ಕೆಡದೆ ನಿಂತ ದಾನ! ನಮ್ಮ ಇಪ್ಪತ್ತೆರಡು ವರ್ಷದ ಮೇಷ್ಟರು ಮೊದಲ ಸಂಬಳ ಪಡೆದದ್ದು ಅಂಥ ಮನೆಯಲ್ಲಿ.

ಮೂರು ವರ್ಷವಾದ ಮೇಲೆ, 1707ರಲ್ಲಿ, ಅವರು ಬಾಂಟ್ಸ್ ಮಠಕ್ಕೆ ಹೋದರು. ಹೋದದ್ದು ಸನ್ಯಾಸಕ್ಕಲ್ಲ. ಮಠಾಧಿಪತಿ ಕಿಲಿಯಾನ್ ಡ್ಯೂರಿಂಗ್ ಅವರ ಆಳಾಗಿ, ಅವರಿಗೆ ಸಂಗೀತ ನುಡಿಸುವವನಾಗಿ. ಆದರೆ ಆ ವರ್ಷ ಮುಗಿಯುವುದರೊಳಗೆ ಮಠದ ವಟುವಾದರು. 1711ರಲ್ಲಿ ಗುರುದೀಕ್ಷೆ ಪಡೆದರು. ಮುಂದೆ ಗಾನವೃಂದದ ಮುಖ್ಯಸ್ಥ, ಆರ್ಗನ್ ವಾದಕ, ಪ್ರವಚನಕಾರ, ಮೂರೂ ಕೆಲಸ ಇವರ ಹೆಗಲಿಗೆ ಬಂದವು.

ಬಾಂಟ್ಸ್ ಇರುವುದು ಮೈನ್ ನದಿಯ ಮೇಲಿನ ಒಂದು ಬೆಟ್ಟದ ನೆತ್ತಿಯಲ್ಲಿ. ಹನ್ನೊಂದನೆಯ ಶತಮಾನದಲ್ಲಿ ಹುಟ್ಟಿದ ಬೆನೆಡಿಕ್ಟ್ ಪಂಥದ ಮಠ. ರಾಟ್‌ಗೇಬರ್ ಅಲ್ಲಿಗೆ ಕಾಲಿಟ್ಟಾಗ ಮಠವೆಂದರೆ ಕಲ್ಲು, ಗಾರೆ, ಅಟ್ಟಣಿಗೆ. ಯೊಹಾನ್ ಡೀಂಟ್ಸನ್‌ಹೋಫರ್ ಎಂಬ ದೊಡ್ಡ ವಾಸ್ತುಶಿಲ್ಪಿ 1710ರಿಂದ 1719ರವರೆಗೆ ಅಲ್ಲಿಯ ಹೊಸ ಇಗರ್ಜಿಯನ್ನು ಕಟ್ಟಿದರು. ಅದರ ಛಾವಣಿಯ ಕಮಾನುಗಳು ನೇರ ಗೆರೆಯಲ್ಲಿ ಓಡುವುದಿಲ್ಲ. ಬಾಗಿ, ತಿರುಚಿ, ಒಂದರೊಳಗೆ ಒಂದು ಹೊಕ್ಕು ಬರುತ್ತವೆ. ಅಂದರೆ ಇವರ ಮಠಜೀವನದ ಮೊದಲ ಹನ್ನೆರಡು ವರ್ಷ ಉಳಿಯ ಸದ್ದಿನ ನಡುವೆಯೇ ಕಳೆಯಿತು. 1719ರಲ್ಲಿ ಇಗರ್ಜಿ ಪ್ರತಿಷ್ಠೆಯಾಯಿತು. 1721ರಲ್ಲಿ ಇವರ ಮೊದಲ ಕೃತಿ ಅಚ್ಚಾಯಿತು.

ಸಂತ ಬೆನೆಡಿಕ್ಟ್ ಆರನೆಯ ಶತಮಾನದಲ್ಲಿ ಬರೆದ ನಿಯಮಾವಳಿಯೇ ಈ ಪಂಥದವರ ದಿನಚರಿಗೆ ಆಧಾರ. ಬೆಳಕು ಹರಿಯುವುದಕ್ಕೆ ಮುಂಚಿನಿಂದ ಮಲಗುವವರೆಗೆ ದಿನವನ್ನು ಪ್ರಾರ್ಥನೆಯ ಹೊತ್ತುಗಳಾಗಿ ಹಂಚಿ, ಬೈಬಲಿನ ಕೀರ್ತನೆಗಳನ್ನು ಹಾಡಿ ಮುಗಿಸುವುದು ಆ ಬದುಕಿನ ಬೆನ್ನೆಲುಬು. ಅಲ್ಲಿ ಸಂಗೀತ ಹಬ್ಬದ ಅಡುಗೆಯಲ್ಲ, ದಿನದ ಊಟ. ಆ ನಿಯಮಾವಳಿಯ 57ನೆಯ ಅಧ್ಯಾಯ ಮಠದೊಳಗಿನ ಕುಶಲಕರ್ಮಿಗಳ ಬಗ್ಗೆ. ಬಡಗಿಯೋ ಕಮ್ಮಾರನೋ ಮಠದಲ್ಲಿದ್ದರೆ ಮಠಾಧಿಪತಿಯ ಒಪ್ಪಿಗೆ ಪಡೆದು, ತಗ್ಗಿ ತನ್ನ ಕಸುಬು ಮಾಡಲಿ. ತನ್ನಿಂದ ಮಠಕ್ಕೆ ಲಾಭವೆಂದು ಬೀಗತೊಡಗಿದರೆ ಆ ಕೆಲಸದಿಂದ ಅವನನ್ನು ತೆಗೆಯಬೇಕು. ಅವನ ಸಾಮಾನನ್ನು ಹೊರಗಿನವರು ಮಾರುವುದಕ್ಕಿಂತ ಸ್ವಲ್ಪ ಅಗ್ಗಕ್ಕೇ ಮಾರಬೇಕು. ರಾಟ್‌ಗೇಬರ್ ಅವರನ್ನು ಅರ್ಥ ಮಾಡಿಕೊಳ್ಳಲು ನನಗೆ ಸಿಕ್ಕಿದ ಅತಿ ಒಳ್ಳೆಯ ಕೀಲಿಕೈ ಈ ಅಧ್ಯಾಯ. ನಾವು ಈಗ ಕಲಾವಿದ ಎನ್ನುವ ಜಾಗದಲ್ಲಿ ಆ ನಿಯಮ ಕಸುಬುದಾರ ಎನ್ನುತ್ತದೆ. ಕುರ್ಚಿ ಮಾಡುವವನು ಕೂರುವವನ ಸೊಂಟ ನೋಡುತ್ತಾನಲ್ಲವೇ? ಸ್ವರ ಹಾಕುವವನೂ ಹಾಡುವವರ ಗಂಟಲು ನೋಡಬೇಕು.

ಹಾಗೆ ನೋಡಿದವರು ಇವರು. ಇವರ ಮೊದಲ ಕೃತಿಯಲ್ಲಿ ಎಂಟು ಬಲಿಪೂಜೆಗಳ ಸಂಗೀತವಿದೆ. ಅಚ್ಚು ಹಾಕಿದವರು ಔಗ್ಸ್‌ಬರ್ಗ್‌ನ ಯೊಹಾನ್ ಯಾಕೋಬ್ ಲಾಟರ್. ಆಗ ಅದು ಹೊಸ ಅಂಗಡಿ. ಮುಂದೆ ಇದೇ ಮನೆಯವರು 1756ರಲ್ಲಿ ಲಿಯೋಪೋಲ್ಡ್ ಮೋಟ್ಸಾರ್ಟ್ ಅವರ ಪಿಟೀಲು ಕಲಿಕೆಯ ಪುಸ್ತಕವನ್ನು ಅಚ್ಚು ಹಾಕಿ ಹೆಸರು ಮಾಡಿದರು. ತಾಮ್ರದ ಹಾಳೆಯ ಮೇಲೆ ಕೊರೆದು ಒತ್ತುವ ಅಂದದ ಮುದ್ರಣ ಲಾಟರ್‌ ಅವರದಲ್ಲ. ಮೊಳೆ ಜೋಡಿಸಿ ಒತ್ತುವ ಸರಳ ಮುದ್ರಣ. ಹಳ್ಳಿಯ ಇಗರ್ಜಿಯೂ ಕೊಳ್ಳಬಲ್ಲ ಪುಸ್ತಕ. ರಾಟ್‌ಗೇಬರ್ ಅವರ ಕೃತಿಗಳು ಒಂದರ ಹಿಂದೊಂದು ಈ ಅಂಗಡಿಯಿಂದಲೇ ಹೊರಬಂದವು: ಪೂಜೆಯ ಸಂಗೀತ, ಸಂಜೆ ಪ್ರಾರ್ಥನೆಯ ಕೀರ್ತನೆಗಳು, ಮೇರಿಮಾತೆಯ ಸ್ತುತಿಗಳು, ವಾದ್ಯಗಳಿಗೆ ಕನ್ಸರ್ಟೋಗಳು. ಇಪ್ಪತ್ತಕ್ಕೂ ಹೆಚ್ಚು ಸಂಪುಟ.

ಇಂಥ ಸಂಪುಟ ಹೇಗಿರುತ್ತಿತ್ತು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅದು ಒಂದು ಪುಸ್ತಕವಲ್ಲ, ಪುಸ್ತಕಗಳ ಕಟ್ಟು. ಎಲ್ಲ ಭಾಗಗಳನ್ನೂ ಒಂದರ ಕೆಳಗೊಂದು ತೋರಿಸುವ ಹಾಳೆ ಅದರಲ್ಲಿ ಇರುವುದಿಲ್ಲ. ಮೇಲುದನಿಯ ಹುಡುಗರಿಗೆ ಒಂದು, ಅದಕ್ಕಿಂತ ಕೆಳಗಿನ ಆಲ್ಟೋ ದನಿಗೆ ಒಂದು, ಇನ್ನೂ ಕೆಳಗಿನ ಟೆನರ್‌ಗೆ, ಎಲ್ಲಕ್ಕಿಂತ ಕೆಳಗಿನ ಬಾಸ್‌ಗೆ ಒಂದೊಂದು, ಎರಡು ಪಿಟೀಲಿಗೆ ಎರಡು, ತುತ್ತೂರಿಗೆ ಬೇರೆ, ಆರ್ಗನ್‌ಗೆ ಬೇರೆ. ತಮ್ಮ ತಮ್ಮ ಪುಸ್ತಕ ಹಿಡಿದು ಎಲ್ಲರೂ ಅಟ್ಟದಲ್ಲಿ ನಿಲ್ಲುತ್ತಾರೆ. ಆರ್ಗನ್‌ನ ಪುಸ್ತಕ ತೆರೆದರೆ ಕಾಣುವುದು ಒಂದೇ ಒಂದು ಸಾಲು ಸ್ವರ, ಕೆಳದನಿಯದು. ಅದರ ನೆತ್ತಿಯ ಮೇಲೆ ಅಲ್ಲಲ್ಲಿ ಸಣ್ಣ ಅಂಕಿಗಳು: 6, 7, 4, 3. ಎಡಗೈ ಬರೆದ ಸ್ವರವನ್ನು ನುಡಿಸುತ್ತದೆ. ಬಲಗೈ ಅಂಕಿ ನೋಡಿ ಮೇಲಿನ ಸ್ವರಗಳನ್ನು ತಾನೇ ತುಂಬಬೇಕು. ಅಂಕಿ ಇಲ್ಲದಿದ್ದರೆ ಆ ಕೆಳಗಿನ ಸ್ವರದಿಂದ ಎಣಿಸಿ ಮೂರನೆಯ ಸ್ವರ, ಐದನೆಯ ಸ್ವರ. 6 ಎಂದಿದ್ದರೆ ಮೂರನೆಯದು, ಆರನೆಯದು. ಅವನ್ನು ಎಷ್ಟು ದಟ್ಟವಾಗಿ, ಎಷ್ಟು ತೆಳುವಾಗಿ ತುಂಬಬೇಕೆಂಬುದು ಬರಹದಲ್ಲಿಲ್ಲ. ನಮ್ಮ ಮೃದಂಗದವರು ಹಾಡುವವರ ಮುಖ ನೋಡಿ ಕೈ ಬಿಗಿ ಮಾಡಿ ಸಡಿಲಿಸುತ್ತಾರಲ್ಲ, ಆ ವಿವೇಕವೇ ಇಲ್ಲೂ ಬೇಕು. ಬಾಸ್ ದನಿಯವನು ಬಂದಿಲ್ಲವೆನ್ನಿ. ಅವನ ಸಾಲು ಆರ್ಗನ್‌ನ ಕೆಳದನಿಯಲ್ಲಿ ಬಹುಮಟ್ಟಿಗೆ ಇದ್ದೇ ಇದೆ. ಆಲ್ಟೋ ಹುಡುಗ ತಪ್ಪಿದನೆನ್ನಿ. ಬಲಗೈ ಆ ಸ್ವರವನ್ನು ಮೆಲ್ಲನೆ ಎತ್ತಿಕೊಡುತ್ತದೆ. ಅಟ್ಟದಲ್ಲಿ ಯಾರು ಬಿದ್ದರೂ ಹಿಡಿಯುವ ಕೈ ಆರ್ಗನ್ ನುಡಿಸುವವನದು.

ತುತ್ತೂರಿಯ ವಿಷಯಕ್ಕೆ ಬರೋಣ. ಹಬ್ಬದ ದಿನ ತುತ್ತೂರಿ, ನಗಾರಿ ಇದ್ದರೆ ಇಗರ್ಜಿ ತುಂಬಿಬರುತ್ತದೆ. ಆದರೆ ತುತ್ತೂರಿಯವರು ಸಿಗುವುದು ಅರಮನೆ, ಪಟ್ಟಣಗಳಲ್ಲಿ. ಹಳ್ಳಿಯಲ್ಲಿ ಎಲ್ಲಿ ಸಿಗಬೇಕು? ಆ ಕಾಲದ ದಕ್ಷಿಣ ಜರ್ಮನಿಯ ಅಚ್ಚಿನ ಪುಸ್ತಕಗಳಲ್ಲಿ ಇದಕ್ಕೊಂದು ಒಪ್ಪಂದವಿತ್ತು: ಹಾಡುವ ದನಿಗಳು, ಎರಡು ಪಿಟೀಲು, ಆರ್ಗನ್ ಇರಲೇಬೇಕು, ಉಳಿದವು ಇದ್ದರೆ ಇರಲಿ, ಇಲ್ಲದಿದ್ದರೆ ಬೇಡ. ಓದುವಾಗ ಇದು ಸುಲಭದ ರಿಯಾಯಿತಿಯಂತೆ ಕಾಣುತ್ತದೆ. ಹಾಗೆ ಬರೆಯಲು ಕೂತು ನೋಡಿ, ಎಷ್ಟು ಕಷ್ಟವೆಂದು ಗೊತ್ತಾಗುತ್ತದೆ. ತುತ್ತೂರಿ ಬಂದರೆ ಹಬ್ಬ ಕಳೆಗಟ್ಟಬೇಕು, ಬಾರದಿದ್ದರೆ ಯಾರಿಗೂ ಕೊರತೆ ಕಾಣಬಾರದು. ಅಂದರೆ ಮುಖ್ಯವಾದ ಧಾಟಿಯನ್ನು ಅದೊಂದಕ್ಕೇ ಕೊಡುವಂತಿಲ್ಲ. ಪಿಟೀಲಿನಲ್ಲೋ ದನಿಯಲ್ಲೋ ಅದು ಇರಬೇಕು. ಮೇಲಾಗಿ ಆಗಿನ ತುತ್ತೂರಿಗೆ ಈಗಿನ ಹಾಗೆ ಗುಂಡಿಗಳಿಲ್ಲ. ಬರಿಯ ಉದ್ದನೆಯ ಕೊಳವೆ. ತುಟಿಯ ಬಿಗಿಯಿಂದಷ್ಟೇ ಸ್ವರ ಹೊರಡಬೇಕು. ಕೆಳಗಿನ ಸ್ಥಾಯಿಯಲ್ಲಿ ಸ್ವರಗಳ ನಡುವೆ ದೊಡ್ಡ ದೊಡ್ಡ ಕಂದಕ. ಮೇಲಕ್ಕೆ ಹೋದಾಗ ಮಾತ್ರ ಅಕ್ಕಪಕ್ಕದ ಸ್ವರಗಳು ಸಿಗುತ್ತವೆ. ಈ ಕಟ್ಟುಗಳ ಒಳಗೇ ಇದ್ದು ರಾಟ್‌ಗೇಬರ್ ಬರೆದ ತುತ್ತೂರಿಯ ಸಾಲು ಒಗ್ಗರಣೆಯ ಹಾಗೆ. ಬಿದ್ದರೆ ಮನೆಯೆಲ್ಲ ಘಮ್ಮೆನ್ನುತ್ತದೆ. ಬೀಳದಿದ್ದರೂ ಸಾರು ಸಾರೇ.

1733ರಲ್ಲಿ ಬಂದ ಹನ್ನೆರಡನೆಯ ಕೃತಿಗೆ ಅವರು ಇಟ್ಟ ಲ್ಯಾಟಿನ್ ಹೆಸರಿನಲ್ಲೇ ಈ ಮನಸ್ಸು ಇದೆ. ಹಳ್ಳಿಗೂ ಪಟ್ಟಣಕ್ಕೂ ಸಲ್ಲುವ ಪೂಜಾಸಂಗೀತ ಎಂದು ಅದರ ಅರ್ಥ. ಹಳ್ಳಿಯ ಹೆಸರು ಮೊದಲು ಬರುತ್ತದೆ.

ಇದೇ ವರ್ಷಗಳಲ್ಲಿ ಇನ್ನೊಬ್ಬರು ಏನು ಬರೆಯುತ್ತಿದ್ದರು ಎಂಬುದನ್ನು ನೆನಪಿಸಿಕೊಳ್ಳಬೇಕು. ಯೊಹಾನ್ ಸೆಬಾಸ್ಟಿಯನ್ ಬಾಖ್ 1730ರ ಆಗಸ್ಟ್‌ನಲ್ಲಿ ಲೈಪ್‌ಟ್ಸಿಗ್ ನಗರಸಭೆಗೆ ಒಂದು ಮನವಿ ಸಲ್ಲಿಸಿದರು. ದೇವಾಲಯದ ಸಂಗೀತ ಸರಿಯಾಗಿ ನಡೆಯಬೇಕಾದರೆ ಎಷ್ಟು ಗಾಯಕರು, ಎಷ್ಟು ವಾದ್ಯದವರು ಬೇಕು, ಈಗ ಎಷ್ಟು ಕಡಿಮೆ ಇದ್ದಾರೆ, ಇರುವವರಲ್ಲಿ ಎಷ್ಟು ಮಂದಿ ಕೆಲಸಕ್ಕೆ ಬಾರದವರು ಎಂಬುದನ್ನು ಲೆಕ್ಕ ಹಾಕಿ ಮುಂದಿಟ್ಟರು. ಅವರ ಸಂಕಟ ನಿಜವಾದದ್ದು. ಬಾಖ್ ಅವರ ಸಂಗೀತದ ಮುಂದೆ ನಾನು ಕೈಮುಗಿದು ನಿಲ್ಲುತ್ತೇನೆ. ಆದರೆ ಅದೇ ಹೊತ್ತಿನಲ್ಲಿ, ಅದೇ ಭಾಷೆಯ ನಾಡಿನಲ್ಲಿ, ಇನ್ನೊಂದು ದಾರಿಯೂ ಇತ್ತು: ಬೇಕಾದವರನ್ನು ಕೇಳದೆ, ಇದ್ದವರಿಗೆ ತಕ್ಕಂತೆ ಬರೆಯುವ ದಾರಿ. ಬಾಖ್ ಅವರ ದೊಡ್ಡ ಕೃತಿಗಳಲ್ಲಿ ಹೆಚ್ಚಿನವು ಅವರ ಕಾಲದಲ್ಲಿ ಅಚ್ಚಾಗಲೇ ಇಲ್ಲ. ರಾಟ್‌ಗೇಬರ್ ಅವರ ಪುಸ್ತಕಗಳು ದಕ್ಷಿಣ ಜರ್ಮನಿ, ಆಸ್ಟ್ರಿಯ, ಸ್ವಿಟ್ಜರ್ಲೆಂಡ್‌ಗಳ ಮಠ, ಇಗರ್ಜಿಗಳ ಕಪಾಟು ಸೇರಿದವು. ಎರಡು ದಾರಿಗಳನ್ನು ತಕ್ಕಡಿಯಲ್ಲಿಟ್ಟು ತೂಗುವುದು ನನಗೆ ಬೇಕಿಲ್ಲ. ಎರಡನೆಯದೂ ಒಂದು ದಾರಿ, ಅದನ್ನು ನಡೆಯಲೂ ವಿದ್ವತ್ತು ಬೇಕು ಎಂದು ಒತ್ತಿ ಹೇಳುವುದಷ್ಟೇ ನನ್ನ ಉದ್ದೇಶ.

ಇನ್ನು ರಾಟ್‌ಗೇಬರ್ ಅವರ ಬದುಕಿನ ಅತಿ ವಿಚಿತ್ರವಾದ ಅಧ್ಯಾಯ.

1728ರಲ್ಲಿ ಅವರ ಆರನೆಯ ಕೃತಿ ಬಂತು, 24 ಕನ್ಸರ್ಟೋಗಳು. ಅದಕ್ಕೆ ಇಟ್ಟ ಹೆಸರು ಗ್ರೀಕರ ಪುರಾತನ ತಂತಿವಾದ್ಯದ್ದು, ಆಮೆಯ ಚಿಪ್ಪಿಗೆ ತಂತಿ ಬಿಗಿದು ಮಾಡುತ್ತಿದ್ದ ಕಿನ್ನರಿಯದು. ಮರುವರ್ಷ, 1729ರಲ್ಲಿ, ನಲವತ್ತೇಳು ವಯಸ್ಸಿನ ಈ ಸನ್ಯಾಸಿ ಮಠ ಬಿಟ್ಟು ಹೊರಟರು. ತಿರುಗಿ ಬಂದದ್ದು 1738ರಲ್ಲಿ. ನಡುವೆ ಒಂಬತ್ತು ವರ್ಷ. ಮೈಂಟ್ಸ್, ಬಾನ್, ಕಲೋನ್, ಟ್ರಿಯರ್, ಸ್ಟುಟ್‌ಗಾರ್ಟ್, ರೇಗೆನ್ಸ್‌ಬುರ್ಗ್, ಸ್ವಿಟ್ಜರ್ಲೆಂಡ್, ವಿಯೆನ್ನ, ಸ್ಟೀರಿಯ ಎಂದು ಅವರ ತಿರುಗಾಟದ ಪಟ್ಟಿ ಕೊಡುತ್ತಾರೆ. ಒಪ್ಪಿಗೆ ಪಡೆದು ಹೋದರೋ, ಪಡೆಯದೆ ಹೋದರೋ ಎಂಬುದರಲ್ಲಿ ವಿದ್ವಾಂಸರದು ಎರಡು ಪಂಗಡ. ಒಪ್ಪಿಗೆಯಿಲ್ಲದೆ ಹೋದರು, ಹಿಂದಿರುಗಿದಾಗ ಮಠದ ಸೆರೆಕೋಣೆಯಲ್ಲಿ ಇಟ್ಟರು, ಮತ್ತೆ ಪ್ರತಿಜ್ಞೆ ಮಾಡಿಸಿಕೊಂಡು ಹಳೆಯ ಕೆಲಸ ಕೊಟ್ಟರು ಎಂದು ಹೇಳುವವರಿದ್ದಾರೆ.

ಬೆನೆಡಿಕ್ಟ್ ಪಂಥದಲ್ಲಿ ಒಪ್ಪಿಗೆಯಿಲ್ಲದೆ ಮಠ ಬಿಡುವುದು ಸಣ್ಣ ತಪ್ಪಲ್ಲ. ದೀಕ್ಷೆ ಪಡೆಯುವಾಗ ಅವರು ಕೊಡುವ ಮಾತುಗಳಲ್ಲಿ ಒಂದು, ಸೇರಿದ ಮಠದಲ್ಲೇ ಸಾಯುವವರೆಗೆ ನೆಲೆನಿಲ್ಲುತ್ತೇನೆ ಎಂಬುದು. ನಿಯಮಾವಳಿಯ ಮೊದಲ ಅಧ್ಯಾಯವೇ ಸನ್ಯಾಸಿಗಳಲ್ಲಿ ನಾಲ್ಕು ಬಗೆಯನ್ನು ಹೇಳಿ, ಮಠದಿಂದ ಮಠಕ್ಕೆ ಮೂರು ನಾಲ್ಕು ದಿನ ಉಂಡು ತಿರುಗುವವರನ್ನು ಎಲ್ಲಕ್ಕಿಂತ ಕೆಳಗೆ ಇಡುತ್ತದೆ. ಇದನ್ನು ಹಾಡಿನಷ್ಟೇ ಬಾಯಿಪಾಠ ಮಾಡಿಕೊಂಡಿದ್ದ ಮನುಷ್ಯ ಹೊರಟಿದ್ದಾರೆ. ಯಾಕೆ?

ನನಗೆ ತೋರುವುದನ್ನು ಹೇಳುತ್ತೇನೆ. ಇದು ನನ್ನ ಊಹೆ, ಮೇಷ್ಟರೊಬ್ಬನ ಊಹೆ. ಬೆಟ್ಟದ ಮೇಲೆ ಕೂತು ಊರೂರಿಗೆ ಸಂಗೀತ ಬರೆದು ಕಳಿಸುತ್ತಿದ್ದವರಿಗೆ, ಅದನ್ನು ಹಾಡುವವರ ಅಟ್ಟಕ್ಕೆ ಹತ್ತಿ ಕೇಳಬೇಕೆನಿಸಿತು. ಅಚ್ಚಿನ ಪುಸ್ತಕ ಹೋದ ಊರಿಗೆ ತಾವೂ ಹೋಗಬೇಕೆನಿಸಿತು. ಎಲ್ಲಿ ಪಿಟೀಲು ಒಂದೇ ಇದೆ, ಎಲ್ಲಿ ತುತ್ತೂರಿ ಇದೆ, ಯಾವ ಊರಿನ ಹುಡುಗರ ದನಿ ಎಲ್ಲಿಗೆ ನಿಲ್ಲುತ್ತದೆ, ಇವೆಲ್ಲ ಮಠದ ಗೋಡೆಯ ಒಳಗೆ ಗೊತ್ತಾಗುವ ಸಂಗತಿಗಳಲ್ಲ. ಹಳ್ಳಿಗೂ ಪಟ್ಟಣಕ್ಕೂ ಎಂದು ಹೆಸರಿಟ್ಟ ಆ ಪುಸ್ತಕ ಬಂದದ್ದು ಈ ತಿರುಗಾಟದ ನಡುವೆಯೇ ಎಂಬುದನ್ನು ಗಮನಿಸಿ.

ಅದೇ 1733ರಲ್ಲಿ ಲಾಟರ್ ಮನೆಯಿಂದ ಇನ್ನೊಂದು ಸಂಗ್ರಹ ಹೊರಬಂತು, ಕರ್ತೃವಿನ ಹೆಸರಿಲ್ಲದೆ. ಊಟವಾದ ಮೇಲೆ ಮೇಜಿಗೆ ತರುವ ಸಿಹಿತಿನಿಸು ಎಂಬರ್ಥದ ಟಾಫೆಲ್ ಕಾನ್ಫೆಕ್ಟ್. ಕಿವಿಗೆ ಹಿತ, ಮನಸ್ಸಿಗೆ ಉಲ್ಲಾಸ ಕೊಡುವುದೆಂದು ಮುಖಪುಟದಲ್ಲೇ ಹೇಳಿಕೊಂಡ ಪುಸ್ತಕ. ಜರ್ಮನ್ ಮಾತಿನ ಹಾಡುಗಳು, ಗುಂಪಿನಲ್ಲಿ ಹಾಡುವ ತಮಾಷೆಯ ತುಣುಕುಗಳು, ಬೇರೆಬೇರೆ ಹಾಡಿನ ಚೂರುಗಳನ್ನು ಒಂದರ ಮೇಲೊಂದು ಹೇರಿ ಹೆಣೆದ ಮಿಶ್ರಣಗಳು. ಎರಡನೆಯ ಭಾಗ ಅದೇ ಕಾಲಕ್ಕೆ, ಮೂರನೆಯದು 1737ರಲ್ಲಿ. 1746ರ ನಾಲ್ಕನೆಯ ಭಾಗ ಮಾತ್ರ ಔಗ್ಸ್‌ಬರ್ಗ್‌ನ ಯೊಹಾನ್ ಕಾಸ್ಪರ್ ಸೈಫರ್ಟ್ ಅವರದು. ಮೊದಲ ಮೂರು ರಾಟ್‌ಗೇಬರ್ ಅವರವೆಂದು ಸಂಶೋಧಕರು ಗುರುತಿಸಿದ್ದಾರೆ. ಇವತ್ತು ಜರ್ಮನಿಯಲ್ಲಿ ಅವರ ಹೆಸರು ಗೊತ್ತಿರುವ ಹೆಚ್ಚಿನವರಿಗೆ ಗೊತ್ತಿರುವುದು ಈ ಹಾಡುಗಳಿಂದಲೇ. ಹೆಸರು ಹಾಕದೆ ಬರೆದದ್ದೇ ಹೆಸರು ಉಳಿಸಿತು. ಲ್ಯಾಟಿನ್ ಪೂಜೆಯ ಸನ್ಯಾಸಿಗೆ ಈ ಹಾಡುಗಳು ಹೊಂದುತ್ತವೆಯೇ ಎಂದು ಕೇಳುವವರಿದ್ದಾರೆ. ನನಗೇನೂ ಅಡ್ಡಿ ಕಾಣುವುದಿಲ್ಲ. ಪೂಜೆ ಮುಗಿಸಿ ಇಳಿದುಬಂದವರೇ ತಾನೇ ಊಟಕ್ಕೆ ಕೂರುವವರು? ಅವರ ಗಂಟಲು ಇವರಿಗೆ ಚೆನ್ನಾಗಿ ಗೊತ್ತಿತ್ತು.

1738ರಲ್ಲಿ ಐವತ್ತಾರು ವಯಸ್ಸಿನವರಾಗಿ ಬೆಟ್ಟ ಹತ್ತಿದರು. ಬಿಟ್ಟುಹೋದವನು ಪಶ್ಚಾತ್ತಾಪಪಟ್ಟು ಬಂದರೆ ಸೇರಿಸಿಕೊಳ್ಳಬೇಕು, ಆದರೆ ಸಾಲಿನಲ್ಲಿ ಎಲ್ಲರಿಗಿಂತ ಕೊನೆಯ ಜಾಗ ಕೊಡಬೇಕು ಎನ್ನುತ್ತದೆ ನಿಯಮಾವಳಿಯ 29ನೆಯ ಅಧ್ಯಾಯ. ಮೂರು ಸಲದವರೆಗೂ ಹೀಗೆ ಸೇರಿಸಿಕೊಳ್ಳಬಹುದು. ಎಷ್ಟು ಕಠಿಣ, ಎಷ್ಟು ಕರುಣೆ! ಆ ಎರಡೂ ಸೇರಿದ ಬಾಗಿಲಿನಿಂದ ಅವರು ಒಳಗೆ ಬಂದರು. ಮತ್ತೆ ಆರ್ಗನ್ ಮುಂದೆ ಕೂತರು.

ಆರ್ಗನ್ ನೋಡದವರಿಗೆ ಒಂದು ಮಾತು. ನಮ್ಮ ಹಾರ್ಮೋನಿಯಂನಲ್ಲಿ ತಿದಿ ಇದೆ, ಗಾಳಿ ಇದೆ. ಆದರೆ ನುಡಿಯುವುದು ಹಿತ್ತಾಳೆಯ ರೀಡು. ಆರ್ಗನ್‌ನಲ್ಲಿ ನುಡಿಯುವವು ಮುಖ್ಯವಾಗಿ ಕೊಳಲಿನಂಥ ಕೊಳವೆಗಳು, ತವರ ಸೀಸ ಬೆರೆಸಿದವು, ಮರದವು, ನೂರಾರು. ಅವುಗಳ ಸಾಲುಗಳಿಗೆ ಅಡಿಯ ಲೆಕ್ಕದಲ್ಲೇ ಹೆಸರು. ಎಂಟಡಿಯ ಸಾಲು ಮನುಷ್ಯನ ದನಿಯ ಸ್ಥಾಯಿ. ನಾಲ್ಕಡಿಯದು ಒಂದು ಸ್ಥಾಯಿ ಮೇಲೆ, ಹದಿನಾರಡಿಯದು ಒಂದು ಸ್ಥಾಯಿ ಕೆಳಗೆ. ಉದ್ದ ಅರ್ಧವಾದರೆ ಷಡ್ಜ ತಾರಕ್ಕೆ ಏರುತ್ತದೆ. ವೀಣೆಯ ತಂತಿಗೂ ಇದೇ ಕಾನೂನು. ಕೈಗಳಿಗೆ ಮಣೆಗಳು, ಕಾಲುಗಳಿಗೆ ಬೇರೆ ಮಣೆ. ಹಿಂದೆ ಕತ್ತಲಲ್ಲಿ ಒಬ್ಬನೋ ಇಬ್ಬರೋ ದೊಡ್ಡ ತಿದಿಗಳನ್ನು ತುಳಿಯುತ್ತಿರುತ್ತಾರೆ. ವಿದ್ಯುತ್ತಿಲ್ಲದ ಕಾಲ. ಅವರು ಕಾಲು ನಿಲ್ಲಿಸಿದರೆ ಎಂಥ ವಿದ್ವಾಂಸನ ಬೆರಳೂ ಮೂಕ. ಆರ್ಗನ್ ನುಡಿಸುವವನು ಯಾವತ್ತೂ ಒಬ್ಬನೇ ನುಡಿಸಿದ್ದಿಲ್ಲ.

1743ರಲ್ಲಿ ಎರಡು ಸಂಗತಿ ನಡೆದವು. ಮೈನ್ ನದಿಯ ಆಚೆ ದಡದ ಗುಡ್ಡದಲ್ಲಿ, ಬಾಂಟ್ಸ್‌ಗೆ ಎದುರಾಗಿ, ಹದಿನಾಲ್ಕು ಸಂತರ ಯಾತ್ರಾಸ್ಥಳವಾದ ಫಿಯರ್‌ಟ್ಸೇನ್‌ಹೈಲಿಗೆನ್‌ನ ಹೊಸ ಇಗರ್ಜಿಗೆ ಅಡಿಗಲ್ಲು ಬಿತ್ತು. ನಕ್ಷೆ ಬಾಲ್ಟಾಸರ್ ನಾಯ್ಮನ್ ಅವರದು. ಅದು ಮುಗಿದದ್ದು 1772ರಲ್ಲಿ, ರಾಟ್‌ಗೇಬರ್ ಅದನ್ನು ಪೂರ್ತಿ ಕಾಣಲಿಲ್ಲ. ಆದರೆ ಅದರ ಗೋಡೆ ಏಳುವುದನ್ನು ತಮ್ಮ ಬೆಟ್ಟದಿಂದ ಏಳು ವರ್ಷ ನೋಡಿರಬೇಕು. ಯೌವನದಲ್ಲೊಂದು, ಮುಪ್ಪಿನಲ್ಲೊಂದು, ಎರಡು ಇಗರ್ಜಿಗಳ ಉಳಿಯ ಸದ್ದು. ಎರಡನೆಯ ಸಂಗತಿ, ಅವರ ಇಪ್ಪತ್ತೆರಡನೆಯ ಕೃತಿ, ಕೀಬೋರ್ಡಿನ ಮೇಲೆ ಹೊತ್ತು ಕಳೆಯಲೆಂದು ಬರೆದ ಪುಟ್ಟ ರಚನೆಗಳ ಪುಸ್ತಕ. ನನಗೆ ಅವೆನ್ಯೂ ರಸ್ತೆಯಲ್ಲಿ ಸಿಕ್ಕಿದ ತುಣುಕು ಅದರದು. ಕೊನೆಗೆ ಅದಕ್ಕೆ ಮತ್ತೆ ಬರುತ್ತೇನೆ.

1750ರ ಜೂನ್ 2ರಂದು ಅವರು ಬಾಂಟ್ಸ್‌ನಲ್ಲೇ ತೀರಿಕೊಂಡರು, ಅರವತ್ತೆಂಟರ ವಯಸ್ಸಿನಲ್ಲಿ. ಅದಾಗಿ ಸರಿಯಾಗಿ ಎಂಟು ವಾರಕ್ಕೆ, ಜುಲೈ 28ರಂದು, ಲೈಪ್‌ಟ್ಸಿಗ್‌ನಲ್ಲಿ ಬಾಖ್ ತೀರಿಕೊಂಡರು.

ಆಮೇಲಿನದನ್ನು ಬೇಗ ಹೇಳುತ್ತೇನೆ, ಹೇಳಲು ಸಂತೋಷದ ಕಥೆಯಲ್ಲ. ನೆಪೋಲಿಯನ್ ಕಾಲದ ಗೊಂದಲದಲ್ಲಿ, 1803ರ ಹೊತ್ತಿಗೆ, ಜರ್ಮನಿಯ ಅರಸರು ಮಠಗಳನ್ನು ಮುಚ್ಚಿ ಆಸ್ತಿ ವಶಪಡಿಸಿಕೊಂಡರು. ಬಾಂಟ್ಸ್ ಕೂಡ ಮುಚ್ಚಿತು, ಮುಂದೆ ಅರಸು ಮನೆತನದ ನಿವಾಸವಾಯಿತು. ಹಾಡುವವರೇ ಇಲ್ಲವಾದ ಮೇಲೆ ಪುಸ್ತಕಗಳ ಕಟ್ಟು ಬಿಚ್ಚುವವರು ಯಾರು? 1868ರಲ್ಲಿ ಬಾಂಬೆರ್ಗ್‌ನಲ್ಲಿ, ಬಾಂಟ್ಸ್‌ಗೆ ಒಂದು ದಿನದ ನಡಿಗೆಯಷ್ಟು ಹತ್ತಿರದಲ್ಲಿ, ಫ್ರಾಂಟ್ಸ್ ಕ್ಸಾವರ್ ವಿಟ್ ಅವರ ಮುಂದಾಳುತನದಲ್ಲಿ ಸಂತ ಸೆಸಿಲಿಯಾ ಹೆಸರಿನ ಸಂಘ ಹುಟ್ಟಿತು. ಇಗರ್ಜಿಗೆ ತಕ್ಕದ್ದು ಹಳೆಯ ಲ್ಯಾಟಿನ್ ಗಾನ, ಹದಿನಾರನೆಯ ಶತಮಾನದ ದನಿಗಳ ಸಂಗೀತ. ಪಿಟೀಲು, ತುತ್ತೂರಿಗಳ ಕುಣಿಯುವ ಸಂಗೀತ ನಾಟಕಶಾಲೆಗೆ ಸಲ್ಲುವಂಥದ್ದು ಎಂಬುದು ಅವರ ವಾದ. ಅವರ ಶ್ರದ್ಧೆಯನ್ನು ನಾನು ಶಂಕಿಸುವುದಿಲ್ಲ. ಆದರೆ ಅವರ ಗೆಲುವಿನಲ್ಲಿ ಹಳ್ಳಿಯ ಅಟ್ಟಗಳಿಂದ ರಾಟ್‌ಗೇಬರ್ ಅಂಥವರ ಪುಸ್ತಕಗಳು ಕೆಳಗಿಳಿದವು. ಸುಲಭವಾಗಿ ಹಾಡಬಹುದಾದ್ದು ಹಗುರವಾದದ್ದು ಎಂಬ ತೀರ್ಪು ಬಂದುಬಿಟ್ಟರೆ ಅದರಿಂದ ಬಿಡುಗಡೆ ಕಷ್ಟ.

ಬಿಡುಗಡೆ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ, ಮೆಲ್ಲಗೆ. ತುತ್ತೂರಿ ಕಲಿಯುವವರು ಆಮೆಚಿಪ್ಪಿನ ಹೆಸರಿನ ಕನ್ಸರ್ಟೋಗಳನ್ನು ಹುಡುಕಿ ತೆಗೆದರು. ಕೀಬೋರ್ಡಿನ ಮೇಷ್ಟರುಗಳು ಪುಟ್ಟ ರಚನೆಗಳನ್ನು ಮಕ್ಕಳ ಪುಸ್ತಕಕ್ಕೆ ಸೇರಿಸಿದರು. ಈಗ ಓಬರೆಲ್ಸ್‌ಬಾಖ್‌ನಲ್ಲಿ ಅವರ ಹೆಸರಿನ ಮನೆಯಿದೆ, ಅವರ ಹೆಸರಿನ ಸಂಘವಿದೆ. ಕೃತಿಗಳು ಹೊಸದಾಗಿ ಅಚ್ಚಾಗುತ್ತಿವೆ. ಮೇಷ್ಟರ ಮಗನನ್ನು ಊರು ಮರಳಿ ಕರೆಸಿಕೊಂಡಿದೆ.

ಆ ತುಣುಕಿನ ಮಾತಿಗೆ ಬಂದು ಮುಗಿಸುತ್ತೇನೆ. 1743ರ ಆ ಪುಸ್ತಕದಲ್ಲಿ ಕ್ರಿಸ್‌ಮಸ್ ಕಾಲಕ್ಕೆಂದೇ ಬರೆದ ಹತ್ತು ರಚನೆಗಳಿವೆ. ಪಾಸ್ಟೊರೆಲ್ಲ ಎಂದು ಅವುಗಳ ಜಾತಿ. ಕುರಿಗಾಹಿಗಳು ಚೀಲದ ವಾದ್ಯ ಊದಿಕೊಂಡು ಹಸುಗೂಸು ಯೇಸುವನ್ನು ನೋಡಲು ಬಂದರೆಂಬ ಕಲ್ಪನೆ. ಆ ವಾದ್ಯದಲ್ಲಿ ಒಂದು ಕೊಳವೆ ಬಿಡದೆ ಒಂದೇ ಸ್ವರ ಹಿಡಿದಿರುತ್ತದೆ. ಶ್ರುತಿಪೆಟ್ಟಿಗೆಯ ಊರಿನವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದಕ್ಕೇ ಇರಬೇಕು, ಮೊದಲ ಸಲ ನುಡಿಸಿದಾಗಲೇ ಅದು ನನಗೆ ಹೊರಗಿನದೆನಿಸಲಿಲ್ಲ. ನಿವೃತ್ತನಾಗುವ ವರ್ಷ ಅದನ್ನು ನನ್ನ ಮಕ್ಕಳಿಗೆ ಕೊಟ್ಟೆ. ಎಂಟು ಮಂದಿಗೆಂದು ಹಂಚಿದ್ದೆ. ಆ ದಿನ ಬಂದವರು ಆರು. ಅವರಲ್ಲಿ ಒಬ್ಬಳು ಹುಡುಗಿ, ಹಾರ್ಮೋನಿಯಂ ಮುಟ್ಟಿ ಒಂದು ವಾರವೂ ಆಗಿರಲಿಲ್ಲ. ಅವಳಿಗೆ ಕೆಳಗಿನ ಒಂದು ಮನೆ ತೋರಿಸಿ, ಇದನ್ನು ಒತ್ತಿ ಹಿಡಿದುಕೊಂಡಿರಮ್ಮ, ನಾನು ಹೇಳುವವರೆಗೆ ಬಿಡಬೇಡ ಎಂದೆ. ಅವಳು ತುಟಿ ಕಚ್ಚಿಕೊಂಡು ಹಿಡಿದಳು. ಉಳಿದವರು ಮೇಲಿನ ಧಾಟಿಯನ್ನು ಕೊಳಲಿನಲ್ಲಿ, ಬಾಯಲ್ಲಿ ಎತ್ತಿಕೊಂಡರು. ಎರಡು ನಿಮಿಷದ ಮೇಲೆ ಎಲ್ಲ ನಿಂತರೂ ಅವಳ ಬೆರಳು ಮನೆಯ ಮೇಲೇ ಇತ್ತು, ಬಿಡು ಎಂದು ನಾನು ಹೇಳಿರಲಿಲ್ಲ. ನಾನೂ ಸ್ವಲ್ಪ ಹೊತ್ತು ಹೇಳದೆ ತಿದಿ ಹಾಕುತ್ತಲೇ ಇದ್ದೆ.